ಆಕಾಶದ ಚಿತ್ರ, ಎದೆಯ ಚಿತ್ರ: ಶ್ವಾಸಕೋಶದ ಕ್ಯಾನ್ಸರ್ ಪತ್ತೆಗೆ ಖಗೋಳವಿಜ್ಞಾನ ಕೊಡುವುದೇನು?

ನಕ್ಷತ್ರಗಳನ್ನು ಹುಡುಕುವ ತಂತ್ರದಿಂದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಅರ್ಥದ ಸುದ್ದಿಗಳು ಕೆಲವು ವರ್ಷಗಳಿಂದ ಆಗಾಗ ಬರುತ್ತಿವೆ. ಈ ಸುದ್ದಿಗಳ ಹಿಂದೆ ನಿಜವಾದ ಸಂಶೋಧನೆಯಿದೆ. ಆದರೆ ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಎಲ್ಲೋ ಒಂದು ಯಂತ್ರ ತಯಾರಾಗಿದೆ, ಅದನ್ನು ಕೊಂಡುತಂದು ಬೆಳಗಾವಿಯಲ್ಲೋ ವಿಜಯಪುರದಲ್ಲೋ ಕೂರಿಸಿದರೆ ಮುಗಿಯಿತು ಎಂದು ಅನಿಸಿಬಿಡುತ್ತದೆ. ಖಗೋಳವಿಜ್ಞಾನದಿಂದ ವೈದ್ಯಕೀಯಕ್ಕೆ ಹರಿದುಬಂದದ್ದರಲ್ಲಿ ಯಂತ್ರದ ಪಾಲು ಇದೆಯಾದರೂ ಅದಕ್ಕಿಂತ ದೊಡ್ಡ ಪಾಲು ಗಣಿತದ್ದು. ಅದಕ್ಕೂ ದೊಡ್ಡದು, ಚಿತ್ರಗಳನ್ನು ತೆಗೆಯುವ, ಅಳೆಯುವ, ಕಾಪಿಡುವ ಶಿಸ್ತಿನದು. ಈ ಕೊನೆಯದನ್ನು ಕೊಂಡುತರಲು ಬರುವುದಿಲ್ಲ. ಅದನ್ನು ಇಲ್ಲಿಯೇ ಬೆಳೆಸಿಕೊಳ್ಳಬೇಕು.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ಜಗತ್ತಿನ ಕ್ಯಾನ್ಸರ್ ಅಂಕಿಅಂಶಗಳನ್ನು ಕೊಡುವ ಗ್ಲೋಬೊಕ್ಯಾನ್‌ನ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದು ವರ್ಷದಲ್ಲಿ ಸುಮಾರು 24.8 ಲಕ್ಷ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ತಗುಲಿತು, ಸುಮಾರು 18 ಲಕ್ಷ ಜನ ಅದರಿಂದ ತೀರಿಕೊಂಡರು. ಭಾರತದಲ್ಲಿ ಹೊಸ ಪ್ರಕರಣಗಳು 81 ಸಾವಿರ ದಾಟಿದರೆ ಸಾವುಗಳು 75 ಸಾವಿರದ ಆಸುಪಾಸಿನಲ್ಲಿದ್ದವು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರುವುದಕ್ಕೆ ಮುಖ್ಯ ಕಾರಣ, ನಮ್ಮಲ್ಲಿ ಈ ರೋಗ ಗೊತ್ತಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಹಂತ ದಾಟಿ ಹೋಗಿರುತ್ತದೆ. ಹಾಗಾಗಿ ಬೇಗ ಪತ್ತೆ ಮಾಡುವ ಯಾವ ದಾರಿಯೇ ಆದರೂ ಗಂಭೀರವಾಗಿ ಪರಿಶೀಲಿಸಲು ಯೋಗ್ಯ.

ಗಣಿತದ ನಂಟು ಹಳೆಯದು. 1956ರಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಎಂಬ ಆಸ್ಟ್ರೇಲಿಯಾದ ರೇಡಿಯೋ ಖಗೋಳವಿಜ್ಞಾನಿಯ ಮುಂದಿದ್ದ ತೊಡಕು ಇದು: ಆಗಿನ ಆಂಟೆನಾಗಳು ಸೂರ್ಯನ ಮೇಲಿನ ಒಂದು ಬಿಂದುವನ್ನು ಬಿಡಿಯಾಗಿ ಗುರುತಿಸಲಾರವು, ಒಂದು ಉದ್ದನೆಯ ಪಟ್ಟಿಯಿಂದ ಬರುವ ಒಟ್ಟು ರೇಡಿಯೋ ಶಕ್ತಿಯನ್ನು ಮಾತ್ರ ಅಳೆಯಬಲ್ಲವು. ಬೇರೆಬೇರೆ ಕೋನಗಳಿಂದ ತೆಗೆದ ಇಂಥ ಪಟ್ಟಿಗಳ ಮೊತ್ತಗಳಿಂದ ಇಡೀ ಚಿತ್ರವನ್ನು ಮರಳಿ ಕಟ್ಟಲು ಸಾಧ್ಯವೆಂದು ಅವರು ಗಣಿತದಲ್ಲಿ ತೋರಿಸಿದರು. ಕಬ್ಬಿನ ಗದ್ದೆಯ ಒಳಗೆ ಕಾಲಿಡದೆ, ಸುತ್ತಲಿನ ಬದುವಿನ ಮೇಲೆ ನಡೆಯುತ್ತ ಪ್ರತಿ ದಿಕ್ಕಿನಿಂದಲೂ ಒಂದೊಂದು ನೇರದಲ್ಲಿ ಎಷ್ಟು ಗಳಗಳಿವೆ ಎಂಬ ಮೊತ್ತವನ್ನಷ್ಟೇ ಬರೆದುಕೊಂಡು, ಕೊನೆಗೆ ಯಾವ ಗಳ ಎಲ್ಲಿ ನಿಂತಿದೆ ಎಂಬ ನಕಾಶೆ ಬರೆದಂತೆ ಇದು. ಸಿಟಿ ಸ್ಕ್ಯಾನ್ ಯಂತ್ರದಲ್ಲಿ ಎದೆಯ ಸುತ್ತ ತಿರುಗುವ ಎಕ್ಸ್‌ರೇ ಕೊಳವೆಯೂ ಮಾಡುವುದು ಇದನ್ನೇ. ಪ್ರತಿ ಕೋನದಲ್ಲಿ ಒಂದು ರೇಖೆಯ ಉದ್ದಕ್ಕೂ ಎಷ್ಟು ಎಕ್ಸ್‌ರೇ ಹೀರಲ್ಪಟ್ಟಿತು ಎಂಬ ಮೊತ್ತ ಮಾತ್ರ ಅದಕ್ಕೆ ಸಿಗುತ್ತದೆ.

ಆದರೂ ಸಿಟಿ ಸ್ಕ್ಯಾನ್ ಖಗೋಳವಿಜ್ಞಾನದ ಕೂಸು ಎಂದು ಹೇಳುವುದು ಅತಿಯಾಗುತ್ತದೆ. ಆ ಗಣಿತದ ಬೇರನ್ನು ಯೋಹಾನ್ ರಾಡೊನ್ 1917ರಲ್ಲಿಯೇ ಕಂಡಿದ್ದರು. ವೈದ್ಯಕೀಯ ಬಳಕೆಗಾಗಿ ಅಲನ್ ಕಾರ್ಮ್ಯಾಕ್ 1960ರ ದಶಕದಲ್ಲಿ ತಾವೇ ಬೇರೆಯಾಗಿ ಸೂತ್ರಗಳನ್ನು ಕಂಡುಕೊಂಡರು. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. ಇವರಿಬ್ಬರಿಗೂ 1979ರಲ್ಲಿ ನೊಬೆಲ್ ಬಂತು. ಒಂದೇ ಪ್ರಶ್ನೆಗೆ ಮೂರ್ನಾಲ್ಕು ಕಡೆ, ಒಬ್ಬರಿಗೊಬ್ಬರ ಅರಿವಿಲ್ಲದೆ ಉತ್ತರ ಹುಟ್ಟಿದ ಕಥೆಯಿದು. ಆಗ ವೈದ್ಯರೂ ಖಗೋಳತಜ್ಞರೂ ಒಂದೇ ಮೇಜಿನ ಮುಂದೆ ಕೂತಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ ಏನೋ.

ಇಂದಿನ ಸಂಶೋಧನೆಯ ವಿಶೇಷವೇ ಆ ಒಂದೇ ಮೇಜು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಖಗೋಳವಿಜ್ಞಾನಿ ಅಲೆಕ್ಸಾಂಡರ್ ಸಾಲೆ ಮತ್ತು ರೋಗಶಾಸ್ತ್ರಜ್ಞೆ ಜಾನಿಸ್ ಟಾಬ್ ಸೇರಿ ಕಟ್ಟಿದ ‘ಆಸ್ಟ್ರೋಪಾತ್’ ಎಂಬ ಚಿತ್ರ ವಿಶ್ಲೇಷಣೆಯ ವ್ಯವಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸಾಲೆ ಅವರು ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ದತ್ತಾಂಶ ಕೋಶವನ್ನು ರೂಪಿಸಿದವರಲ್ಲಿ ಪ್ರಮುಖರು. ನ್ಯೂ ಮೆಕ್ಸಿಕೋದಲ್ಲಿರುವ 2.5 ಮೀಟರ್ ವ್ಯಾಸದ ದೂರದರ್ಶಕದಿಂದ 2000ನೇ ಇಸವಿಯಲ್ಲಿ ಆರಂಭವಾದ ಆ ಸಮೀಕ್ಷೆ ಆಕಾಶವನ್ನು ಐದು ಬಣ್ಣದ ಶೋಧಕಗಳ ಮೂಲಕ ಚಿತ್ರಿಸಿತು. ಲಕ್ಷಾಂತರ ತುಣುಕು ಚಿತ್ರಗಳ ಅಂಚುಗಳನ್ನು ಜೋಡಿಸುವುದು, ಒಂದು ತುಣುಕು ಮಬ್ಬಾಗಿ ಇನ್ನೊಂದು ಪ್ರಖರವಾಗಿ ಬಂದಿದ್ದರೆ ಸರಿದೂಗಿಸುವುದು, ಒಂದರ ಮೇಲೊಂದು ಬಿದ್ದಂತೆ ಕಾಣುವ ಎರಡು ಗೆಲಾಕ್ಸಿಗಳನ್ನು ಬಿಡಿಸುವುದು, ಪ್ರತಿಯೊಂದಕ್ಕೂ ಸ್ಥಾನ, ಬಣ್ಣ, ಪ್ರಕಾಶಗಳ ದಾಖಲೆ ಬರೆಯುವುದು, ಇವೆಲ್ಲ ಅಲ್ಲಿ ಪಳಗಿದ ಕೆಲಸಗಳು. ಗೆಡ್ಡೆಯ ತೆಳುಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೇರೆಬೇರೆ ಪ್ರೋಟೀನುಗಳಿಗೆ ಬೇರೆಬೇರೆ ಬಣ್ಣದಲ್ಲಿ ಹೊಳೆಯುವ ಗುರುತು ಹಚ್ಚಿದಾಗಲೂ ಎದುರಾಗುವುದು ಇದೇ ಕೆಲಸ. ಗೆಲಾಕ್ಸಿಯ ಜಾಗದಲ್ಲಿ ಜೀವಕೋಶ ಬಂದಿದೆ ಅಷ್ಟೆ.

2021ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಮೊದಲ ದೊಡ್ಡ ಫಲಿತಾಂಶ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಶ್ವಾಸಕೋಶದ ಕ್ಯಾನ್ಸರಿನತ್ತ ತಂಡ ತಿರುಗಿದ್ದು ಅದರ ಮುಂದುವರಿಕೆಯಾಗಿ. ಎರಡಕ್ಕೂ ಇರುವ ಸಮಾನ ಪ್ರಶ್ನೆ ಇಮ್ಯುನೋಥೆರಪಿಯದು. ಪಿಡಿ-1 ಎಂಬ ತಡೆಯನ್ನು ತೆಗೆದು ದೇಹದ ರೋಗನಿರೋಧಕ ಕೋಶಗಳನ್ನು ಗೆಡ್ಡೆಯ ಮೇಲೆ ಬಿಡುವ ಔಷಧಗಳು 2015ರಿಂದ ಶ್ವಾಸಕೋಶದ ಕ್ಯಾನ್ಸರಿಗೂ ಬಳಕೆಗೆ ಬಂದಿವೆ. ಇವುಗಳ ಹಿಂದಿನ ಮೂಲ ಸಂಶೋಧನೆಗೆ 2018ರಲ್ಲಿ ನೊಬೆಲ್ ಸಂದಿತು. ಆದರೆ ಮೊದಲ ಪರೀಕ್ಷೆಗಳಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ. ಲಕ್ಷಾಂತರ ರೂಪಾಯಿಯ ಔಷಧ ಯಾರಿಗೆ ನಾಟುತ್ತದೆ, ಯಾರಿಗೆ ನಾಟುವುದಿಲ್ಲ ಎಂಬುದನ್ನು ಮೊದಲೇ ತಿಳಿಯಲು ಯಾವ ಕೋಶ ಎಷ್ಟಿದೆ ಎಂಬುದರ ಜೊತೆಗೆ ಯಾವುದು ಯಾವುದರ ಪಕ್ಕದಲ್ಲಿದೆ ಎಂಬುದೂ ಬೇಕು. ನೆರೆಹೊರೆಯ ಲೆಕ್ಕಾಚಾರ, ಅಂದರೆ ಯಾವ ಗೆಲಾಕ್ಸಿ ಯಾವುದರ ಸುತ್ತ ಗುಂಪುಗೂಡಿದೆ ಎಂಬ ಪರಿಶೀಲನೆ, ಖಗೋಳವಿಜ್ಞಾನಿಗಳ ದಿನನಿತ್ಯದ ಕಸುಬು. ಹೊಲ ಮಾರಿ ಚಿಕಿತ್ಸೆಗೆ ಹಣ ಹೊಂದಿಸುವ ಕುಟುಂಬಗಳಿರುವ ನಮ್ಮ ಕಡೆ, ಔಷಧ ನಾಟುವುದಿಲ್ಲವೆಂದು ಮೊದಲೇ ಹೇಳಬಲ್ಲ ಪರೀಕ್ಷೆಗೆ ಔಷಧದಷ್ಟೇ ಬೆಲೆಯಿದೆ.

ಇದು ರೋಗ ಗೊತ್ತಾದ ಮೇಲಿನ ಮಾತಾಯಿತು. ಬೇಗ ಪತ್ತೆ ಮಾಡುವ ಪ್ರಶ್ನೆಯಲ್ಲಿ ಖಗೋಳವಿಜ್ಞಾನದ ಪಾಠ ಇನ್ನೂ ನೇರವಾಗಿದೆ. ನಾನು ಹೆಚ್ಚು ಒತ್ತು ಕೊಡುವುದೂ ಇದಕ್ಕೆ.

ಶ್ವಾಸಕೋಶದ ಸಿಟಿ ಚಿತ್ರದಲ್ಲಿ ಚಿಕ್ಕ ಗಂಟುಗಳು ಕಾಣುವುದು ಅಪರೂಪವಲ್ಲ. ಅವುಗಳಲ್ಲಿ ಬಹುಪಾಲು ಹಳೆಯ ಸೋಂಕಿನ ಕಲೆಗಳು, ನಿರುಪದ್ರವಿ. ಎಷ್ಟರಮಟ್ಟಿಗೆ ಎಂಬುದನ್ನು ಅಮೆರಿಕದಲ್ಲಿ 53,454 ಜನರ ಮೇಲೆ ನಡೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪರೀಕ್ಷೆ ತೋರಿಸಿತು. 55ರಿಂದ 74 ವರ್ಷದೊಳಗಿನ, ಬಹುಕಾಲ ಸಿಗರೇಟು ಸೇದಿದವರನ್ನು ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿಯಿಂದ ತಪಾಸಿಸಿದಾಗ ಈ ಕ್ಯಾನ್ಸರಿನ ಸಾವು ಶೇ 20ರಷ್ಟು ಇಳಿಯಿತು. ಅದು ದೊಡ್ಡ ಸಾಧನೆ. ಆದರೆ ಸಿಟಿ ತಪಾಸಣೆಗಳಲ್ಲಿ ಶೇ 24ರಷ್ಟು ‘ಅನುಮಾನ’ ಎಂದು ಬಂದವು, ಆ ಅನುಮಾನಗಳಲ್ಲಿ ಶೇ 96ಕ್ಕೂ ಹೆಚ್ಚು ಹುಸಿಯಾದವು. ನಾಲ್ಕು ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟುಗಳೆಲ್ಲವನ್ನೂ ಅನುಮಾನದ ಪಟ್ಟಿಗೆ ಸೇರಿಸಿದ್ದರ ಫಲ ಇದು.

ಯುರೋಪಿನ ನೆಲ್ಸನ್ ಪರೀಕ್ಷೆ ಬೇರೆ ದಾರಿ ಹಿಡಿಯಿತು. ಗಂಟಿನ ಅಗಲವನ್ನು ಬಿಟ್ಟು ಅದರ ಘನಗಾತ್ರವನ್ನು ಗಣಕದಿಂದ ಅಳೆದು, 50ರಿಂದ 500 ಘನ ಮಿಲಿಮೀಟರಿನ ನಡುವಿನ ಗಂಟುಗಳ ಬಗ್ಗೆ ತಕ್ಷಣ ತೀರ್ಪು ಕೊಡದೆ ಸುಮಾರು ಮೂರು ತಿಂಗಳ ಬಳಿಕ ಮತ್ತೆ ಚಿತ್ರ ತೆಗೆದು, ಅದು ಬೆಳೆದಿದೆಯೇ ಎಂದು ನೋಡಿತು. ಅವುಗಳಲ್ಲಿ ಘನಗಾತ್ರ ದ್ವಿಗುಣಗೊಳ್ಳಲು 400 ದಿನಗಳಿಗಿಂತ ಕಡಿಮೆ ಸಾಕಾಗುವ ವೇಗದಲ್ಲಿ ಬೆಳೆಯುವ ಗಂಟುಗಳನ್ನಷ್ಟೇ ಮುಂದಿನ ಪರೀಕ್ಷೆಗೆ ಕಳಿಸಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹತ್ತು ವರ್ಷಗಳ ಕೊನೆಗೆ ಗಂಡಸರಲ್ಲಿ ಸಾವು ಶೇ 24ರಷ್ಟು ಕಡಿಮೆಯಾಗಿತ್ತು. ‘ಅನುಮಾನ’ದ ಹಣೆಪಟ್ಟಿ ಬಿದ್ದ ತಪಾಸಣೆಗಳು ಶೇ 2ರ ಆಸುಪಾಸಿನಲ್ಲಿದ್ದವು. ಎರಡು ಪರೀಕ್ಷೆಗಳ ಜನ, ನಿಯಮ, ಕಾಲಾವಧಿ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ತೂಗಿ ನೋಡಲಾಗದು. ಆದರೂ ಒಂದು ಸಲ ದಿಟ್ಟಿಸಿ ನೋಡುವುದಕ್ಕಿಂತ ಎರಡು ಸಲ ತೆಗೆದ ಚಿತ್ರಗಳ ವ್ಯತ್ಯಾಸ ನೋಡುವುದು ಲೇಸು ಎಂಬ ದಿಕ್ಕು ಸ್ಪಷ್ಟ.

ಖಗೋಳವಿಜ್ಞಾನ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಚಿಲಿ ದೇಶದ ಬೆಟ್ಟದ ಮೇಲಿನ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರಗೆಡಹಿತು. 3,200 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಅದು ಹತ್ತು ವರ್ಷಗಳ ಕಾಲ ಅದೇ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಲಿದೆ. ಹೊಸ ಚಿತ್ರದಿಂದ ಹಳೆಯದನ್ನು ಕಳೆದು ಉಳಿದದ್ದನ್ನು ನೋಡಿ, ಒಂದು ರಾತ್ರಿಗೆ ಸುಮಾರು ಒಂದು ಕೋಟಿ ಬದಲಾವಣೆಗಳ ಸೂಚನೆ ಹೊರಡಿಸುವುದು ಅದರ ಯೋಜನೆ. ಕಳೆಯುವುದು ಕೇಳಲು ಸುಲಭ. ಆದರೆ ಒಂದು ರಾತ್ರಿ ಗಾಳಿ ಶಾಂತವಾಗಿದ್ದು ನಕ್ಷತ್ರ ಚುಕ್ಕೆಯಂತೆ ಬಂದಿದ್ದರೆ, ಇನ್ನೊಂದು ರಾತ್ರಿ ಅದೇ ನಕ್ಷತ್ರ ಹರಡಿಕೊಂಡು ಬರುತ್ತದೆ. ಹಾಗೆಯೇ ಕಳೆದರೆ ಇಲ್ಲದ ಬದಲಾವಣೆಗಳು ಸಾವಿರಾರು ಕಾಣುತ್ತವೆ. ಎರಡು ಚಿತ್ರಗಳ ಮಬ್ಬನ್ನು ಮೊದಲು ಸಮಗೊಳಿಸಿ ಬಳಿಕ ಕಳೆಯುವ ವಿಧಾನವನ್ನು ಅಲಾರ್ ಮತ್ತು ಲಪ್ಟನ್ 1998ರಲ್ಲಿ ಕೊಟ್ಟರು. ಉಳಿದ ಸೂಚನೆಗಳಲ್ಲಿ ನಿಜ ಯಾವುದು, ಹುಸಿ ಯಾವುದು ಎಂದು ಬೇರ್ಪಡಿಸಲು ಕಲಿಯುವ ಯಂತ್ರಗಳನ್ನು ಹಚ್ಚುವ ರೂಢಿ ಅದರ ನಂತರದ್ದು.

ಇದನ್ನು ಎದೆಗೆ ಅನ್ವಯಿಸಿ ನೋಡಿ. ಐದು ಮಿಲಿಮೀಟರ್ ವ್ಯಾಸದ ಗಂಟಿನ ಘನಗಾತ್ರ ದ್ವಿಗುಣವಾದಾಗ ಅದರ ವ್ಯಾಸ ಆಗುವುದು 6.3 ಮಿಲಿಮೀಟರ್ ಮಾತ್ರ. ಬರಿಗಣ್ಣಿಗೆ ಈ ವ್ಯತ್ಯಾಸ ಹೊಳೆಯುವುದೇ ಕಷ್ಟ. ಅದರ ಮೇಲೆ ರೋಗಿ ಈ ಸಲ ಎಷ್ಟು ಉಸಿರೆಳೆದು ಹಿಡಿದಿದ್ದರು, ಯಂತ್ರ ಒಂದು ಮಿಲಿಮೀಟರ್ ದಪ್ಪದ ಪದರಗಳನ್ನು ಉಳಿಸಿತೋ ಐದು ಮಿಲಿಮೀಟರಿನವನ್ನೋ, ಚಿತ್ರ ಕಟ್ಟುವ ಗಣಿತದ ಆಯ್ಕೆ ಮೊನಚಿನದೋ ಮೃದುವಿನದೋ ಎಂಬುದೆಲ್ಲ ಅಳತೆಯನ್ನು ಏರುಪೇರು ಮಾಡುತ್ತದೆ. ನಮ್ಮ ಭಾಗದ ರೋಗಿಯ ದಾರಿಯನ್ನು ನೆನೆದರೆ ತೊಡಕು ಎದ್ದು ಕಾಣುತ್ತದೆ. ಚಿಕ್ಕೋಡಿ ಕಡೆಯವರು ಮೊದಲ ಸ್ಕ್ಯಾನ್ ಬೆಳಗಾವಿಯಲ್ಲಿ ಮಾಡಿಸಿ ಎರಡನೆಯದನ್ನು ಮೀರಜದಲ್ಲಿ ಮಾಡಿಸುತ್ತಾರೆ. ಇಂಡಿ ಕಡೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ, ವಿಜಯಪುರಕ್ಕೂ ಬರುತ್ತಾರೆ. ಬಾಗಲಕೋಟೆಯವರು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಕೈಯಲ್ಲಿ ಇರುವುದು ಫಿಲ್ಮ್ ತುಂಬಿದ ದೊಡ್ಡ ಲಕೋಟೆ, ಅದೃಷ್ಟವಿದ್ದರೆ ಒಂದು ಸಿಡಿ. ಫಿಲ್ಮಿನ ಮೇಲೆ ಘನಗಾತ್ರ ಅಳೆಯಲಾಗದು. ಹೀಗಿರುವಾಗ ಎಷ್ಟು ಚತುರ ಅಲ್ಗಾರಿದಮ್ ತಂದರೂ ಅದಕ್ಕೆ ಕಳೆಯಲು ಹಳೆಯ ಚಿತ್ರವೇ ಇರುವುದಿಲ್ಲ.

ಎರಡು ಕ್ಷೇತ್ರಗಳಿಗೆ ಒಂದು ಅಂತರವೂ ಇದೆ. ಉತ್ಸಾಹದ ಬರಹಗಳು ಅದನ್ನು ದಾಟಿ ಹೋಗುತ್ತವೆ. ಆಕಾಶದಲ್ಲಿ ಹುಸಿ ಸೂಚನೆ ಬಂದರೆ ದೂರದರ್ಶಕದ ಒಂದಿಷ್ಟು ಹೊತ್ತು ಹಾಳಾಗುತ್ತದೆ. ಎದೆಯಲ್ಲಿ ಬಂದರೆ ಶ್ವಾಸಕೋಶಕ್ಕೆ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯಬೇಕಾಗುತ್ತದೆ, ಕೆಲವರಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿಯುತ್ತದೆ, ಮನೆಮಂದಿಯೆಲ್ಲ ಕ್ಯಾನ್ಸರ್ ಎಂಬ ಮಾತಿನ ಅಡಿಯಲ್ಲಿ ತಿಂಗಳುಗಟ್ಟಲೆ ಬದುಕಬೇಕಾಗುತ್ತದೆ. ಇನ್ನೊಂದು ಅಂತರ ಸತ್ಯದ ಅಳತೆಗೋಲಿನದು. ಕೃತಕ ಬುದ್ಧಿಮತ್ತೆಗೆ ಶ್ವಾಸಕೋಶದ ಗಂಟುಗಳನ್ನು ಕಲಿಸಲು ಜಗತ್ತಿನಾದ್ಯಂತ ಹೆಚ್ಚು ಬಳಕೆಯಾಗಿರುವ, 1,018 ಸ್ಕ್ಯಾನ್‌ಗಳ ಅಮೆರಿಕದ ಸಂಗ್ರಹದಲ್ಲಿ ನಾಲ್ವರು ಅನುಭವಿ ತಜ್ಞರು ಪ್ರತಿ ಸ್ಕ್ಯಾನನ್ನೂ ಓದಿದ್ದರು. ಮೂರು ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡ ಗಂಟು ಎಂದು ಒಬ್ಬರಾದರೂ ಗುರುತಿಸಿದ ಜಾಗಗಳು 2,669. ನಾಲ್ವರೂ ಒಪ್ಪಿದವು 928. ಕಲಿಸುವವರೇ ಇಷ್ಟು ಭಿನ್ನರಾದಾಗ ಕಲಿತ ಯಂತ್ರದ ‘ಇಷ್ಟು ಶೇಕಡಾ ನಿಖರ’ ಎಂಬ ಜಾಹೀರಾತನ್ನು ಯಾವುದಕ್ಕೆ ಹೋಲಿಸಿ ನಿಖರ ಎಂದು ಕೇಳದೆ ಒಪ್ಪಬಾರದು.

ಅದೂ ಅಮೆರಿಕದ ಎದೆಗಳ ಸಂಗ್ರಹ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಎದೆಗಳ ಚರಿತ್ರೆಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ ಕ್ಷಯ ರೋಗಿಗಳಲ್ಲಿ ಶೇ 26 ಮಂದಿ ಭಾರತದವರು. ವಾಸಿಯಾದ ಕ್ಷಯ ಬಿಟ್ಟುಹೋಗುವ ಗಂಟು, ಗಾಯದ ಕಲೆಗಳು ಕ್ಯಾನ್ಸರಿನ ವೇಷ ಹಾಕಬಲ್ಲವು. ಇದಕ್ಕೆ ತಿರುಗಾಮುರುಗಾ, ಕಫದಲ್ಲಿ ರೋಗಾಣು ಕಾಣದಿದ್ದರೂ ಟಿಬಿ ಮಾತ್ರೆ ಆರಂಭಿಸಿ, ತಿಂಗಳುಗಳ ನಂತರ ಅದು ಕ್ಯಾನ್ಸರ್ ಎಂದು ತಿಳಿಯುವ ಪ್ರಸಂಗಗಳು ಭಾರತದ ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಇಳಕಲ್ ಸುತ್ತಲಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆಯುವವರು, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮರಳಿನ ಅಚ್ಚು ಒಡೆಯುವವರು ಉಸಿರಾಡುವ ಸಿಲಿಕಾ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ರೋಗ ಆದ ಶ್ವಾಸಕೋಶದ ಮೇಲ್ಭಾಗದಲ್ಲಿ ಹತ್ತಾರು, ನೂರಾರು ಚಿಕ್ಕ ಗಂಟುಗಳಿರುತ್ತವೆ. ಅವು ಕೂಡಿಕೊಂಡು ಮುದ್ದೆಯಾದಾಗ ಗೆಡ್ಡೆಯಂತೆಯೇ ಕಾಣುತ್ತವೆ. ಅಂಥವರಿಗೆ ಕ್ಷಯವೂ ಹೆಚ್ಚಾಗಿ ಅಂಟುತ್ತದೆ. ಇಂಥ ಎದೆಯಲ್ಲಿ ಕ್ಯಾನ್ಸರಿನ ಒಂದೇ ಗಂಟನ್ನು ಹುಡುಕುವುದು ನಕ್ಷತ್ರಗಳು ಕಿಕ್ಕಿರಿದ ಕ್ಷೀರಪಥದ ನಡುಪಟ್ಟಿಯಲ್ಲಿ ಹೊಸ ನಕ್ಷತ್ರವನ್ನು ಹುಡುಕುವಷ್ಟು ಕಷ್ಟದ ಕೆಲಸ. ಖಾಲಿ ಆಕಾಶದಲ್ಲಿ ಪಳಗಿದ ವಿಧಾನ ಅಲ್ಲಿ ಎಡವುತ್ತದೆ ಎಂಬುದು ಖಗೋಳವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು.

ತಪಾಸಣೆಗೆ ಯಾರನ್ನು ಕರೆಯಬೇಕು ಎಂಬ ನಿಯಮಗಳಿಗೂ ಇದೇ ತೊಂದರೆ. ಪಾಶ್ಚಾತ್ಯ ನಿಯಮಗಳು ದಿನಕ್ಕೆ ಸೇದಿದ ಇಪ್ಪತ್ತು ಸಿಗರೇಟಿನ ಪ್ಯಾಕ್‌ಗಳನ್ನು ಸೇದಿದ ವರ್ಷಗಳಿಂದ ಗುಣಿಸಿ ಅಪಾಯ ಅಳೆಯುತ್ತವೆ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಲೆಕ್ಕ ನಡೆಯುವುದು ಬೀಡಿ ಕಟ್ಟುಗಳಲ್ಲಿ. ಹತ್ತಿಕಟ್ಟಿಗೆ, ಕುಳ್ಳು ಉರಿಯುವ ಒಲೆಯ ಮುಂದೆ ದಶಕಗಳ ಕಾಲ ರೊಟ್ಟಿ ಬಡಿದ, ಎಂದೂ ಬೀಡಿ ಮುಟ್ಟದ ಹೆಣ್ಣುಮಗಳಿಗೆ ಆ ಗುಣಾಕಾರದಲ್ಲಿ ಸಿಗುವ ಅಂಕ ಸೊನ್ನೆ.

ಹಾಗಾದರೆ ಹೊರಗಿನಿಂದ ಬಂದ ಅಲ್ಗಾರಿದಮ್ ಇಲ್ಲಿ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯುವುದು ಹೇಗೆ? ಇಲ್ಲಿಯೂ ಖಗೋಳವಿಜ್ಞಾನದ ಒಂದು ಪದ್ಧತಿ ಎರವಲಿಗೆ ತಕ್ಕದ್ದು. ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳನ್ನು ಹುಡುಕಿದ ಕೆಪ್ಲರ್ ದೂರದರ್ಶಕದ ತಂಡ ಇಲ್ಲದ ಗ್ರಹಗಳ ಕೃತಕ ಸಂಕೇತಗಳನ್ನು ತನ್ನದೇ ದತ್ತಾಂಶದಲ್ಲಿ ಬೆರೆಸಿ, ತನ್ನ ತಂತ್ರಾಂಶ ಅವುಗಳಲ್ಲಿ ಎಷ್ಟನ್ನು ಹಿಡಿಯಿತು ಎಂದು ಎಣಿಸಿತು. ಗುರುತ್ವದ ಅಲೆಗಳನ್ನು ಹುಡುಕುವ ಲೈಗೋ ತಂಡ ಇನ್ನೂ ಕಠೋರವಾಗಿ ನಡೆದುಕೊಂಡಿತು. 2010ರ ಸೆಪ್ಟೆಂಬರಿನಲ್ಲಿ ಕೆಲವೇ ಜನರಿಗೆ ಗೊತ್ತಿದ್ದಂತೆ ಒಂದು ನಕಲಿ ಸಂಕೇತವನ್ನು ಉಪಕರಣದೊಳಕ್ಕೆ ತೂರಿಸಲಾಯಿತು. ನೂರಾರು ವಿಜ್ಞಾನಿಗಳು ಅದನ್ನು ತಿಂಗಳುಗಟ್ಟಲೆ ವಿಶ್ಲೇಷಿಸಿ ಪ್ರಬಂಧದ ಕರಡನ್ನೂ ಬರೆದ ಮೇಲೆ, 2011ರ ಮಾರ್ಚ್‌ನಲ್ಲಿ ಲಕೋಟೆ ಒಡೆದು ಅದು ನಕಲಿಯೆಂದು ಹೇಳಲಾಯಿತು. ಯಾರೂ ಸಿಟ್ಟಾಗಲಿಲ್ಲವೇ ಎಂಬ ಕುತೂಹಲ ನನಗಿದೆ. ಆದರೆ 2015ರಲ್ಲಿ ನಿಜವಾದ ಅಲೆ ಬಂದಾಗ ಜಗತ್ತು ಅವರನ್ನು ನಂಬಿದ್ದಕ್ಕೆ ಇಂಥ ಕಟ್ಟುನಿಟ್ಟೂ ಒಂದು ಕಾರಣ.

ಇದನ್ನು ಇಲ್ಲಿ ಮಾಡಲು ದೂರದರ್ಶಕವೂ ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ರಾಷ್ಟ್ರಪತಿಯವರಿಂದ ಉದ್ಘಾಟನೆಯಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಈ ಊರು. ಸಿಲಿಕೋಸಿಸ್ ಇರುವ, ಹಳೆಯ ಕ್ಷಯದ ಕಲೆಯಿರುವ ಎದೆಗಳ ಸ್ಕ್ಯಾನ್‌ಗಳನ್ನು ರೋಗಿಗಳ ಒಪ್ಪಿಗೆ ಪಡೆದು, ಹೆಸರು-ಗುರುತು ಅಳಿಸಿ ಒಂದೆಡೆ ಕೂಡಿಸಿ, ಅವುಗಳಲ್ಲಿ ಕೃತಕ ಗಂಟುಗಳನ್ನು ಗಣಕದಿಂದ ಸೇರಿಸಿ, ಮಾರಾಟಕ್ಕೆ ಬರುವ ಪ್ರತಿ ತಂತ್ರಾಂಶಕ್ಕೂ ಅದೇ ಪ್ರಶ್ನೆಪತ್ರಿಕೆ ಕೊಡಬಹುದು. ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದಕ್ಕಿಂತ ಉಪಯುಕ್ತ ವಿಷಯ ನನಗೆ ತೋಚುವುದಿಲ್ಲ. ಖರೀದಿ ಟೆಂಡರಿಗೂ ಇದರಿಂದ ಒಂದು ಗಟ್ಟಿ ಆಧಾರ ಸಿಗುತ್ತದೆ.

ಕೂಡಿಸಿಡುವ ವಿಷಯದಲ್ಲಿ ನಾಸಾದ ಅನುಭವ ನೋಡುವಂಥದ್ದು. ಅದರ ಜೆಟ್ ಪ್ರೊಪಲ್ಶನ್ ಪ್ರಯೋಗಾಲಯ ಗ್ರಹಯಾತ್ರೆಗಳ ದತ್ತಾಂಶ ಕಾಪಿಡಲು ರೂಪಿಸಿದ ತಂತ್ರಾಂಶವನ್ನು 2000ದ ದಶಕದ ಆರಂಭದಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬೇಗಪತ್ತೆ ಸಂಶೋಧನಾ ಜಾಲಕ್ಕೆ ಒದಗಿಸಿದೆ; ಶ್ವಾಸಕೋಶದ ಕ್ಯಾನ್ಸರ್ ಆ ಜಾಲದ ವಿಷಯಗಳಲ್ಲೊಂದು. ಬೇರೆಬೇರೆ ಪ್ರಯೋಗಾಲಯಗಳು ಒಂದೇ ಸಂಗತಿಯನ್ನು ಬೇರೆಬೇರೆ ಹೆಸರಿನಲ್ಲಿ, ಬೇರೆಬೇರೆ ಏಕಮಾನದಲ್ಲಿ ಬರೆದಿಟ್ಟರೆ ಕೂಡಿಸಿ ಓದಲಾಗದು ಎಂಬ ತೊಂದರೆ ಎರಡೂ ಕಡೆ ಒಂದೇ ಆಗಿತ್ತು. ಖಗೋಳವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದ ಫಿಟ್ಸ್ ಎಂಬ ಕಡತ ನಮೂನೆಯಲ್ಲಿ ಅಂದು ಬರೆದಿಟ್ಟ ಚಿತ್ರವನ್ನು ಇಂದೂ ತೆರೆದು ಓದಬಹುದು. ವೈದ್ಯಕೀಯ ಚಿತ್ರಗಳಿಗೂ ಡೈಕಾಮ್ ಎಂಬ ನಮೂನೆ 1990ರ ದಶಕದಿಂದ ಇದೆ, ನಮ್ಮ ಎಲ್ಲ ಯಂತ್ರಗಳಲ್ಲೂ ಇದೆ. ಕೊರತೆ ಇರುವುದು ಮೂಲ ಕಡತವನ್ನು ತೆಳುಪದರಗಳ ಸಮೇತ ಉಳಿಸಿಕೊಂಡು ರೋಗಿ ಹೋದಲ್ಲಿಗೆ ಕಳಿಸುವ ರೂಢಿಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಳುತ್ತದೆ, ಒಪ್ಪಿಗೆ ಪಡೆದು ಕಾಪಿಡುವುದನ್ನು ತಡೆಯುವುದಿಲ್ಲ.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ಸದ್ಯಕ್ಕೆ ಜಿಲ್ಲಾ ಮಟ್ಟಕ್ಕೆ ಬರುತ್ತಿರುವ ಕೃತಕ ಬುದ್ಧಿಮತ್ತೆ ಹೆಚ್ಚಾಗಿ ಎದೆಯ ಎಕ್ಸ್‌ರೇ ಓದುವಂಥದ್ದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದ್ದು ಕ್ಷಯದ ತಪಾಸಣೆಗೆ. ಶ್ವಾಸಕೋಶದ ಕ್ಯಾನ್ಸರಿಗಾಗಿ ವರ್ಷವರ್ಷ ಎಕ್ಸ್‌ರೇ ತೆಗೆದರೆ ಸಾವು ಕಡಿಮೆಯಾಗುವುದಿಲ್ಲ ಎಂಬುದನ್ನು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಅಮೆರಿಕದ ಇನ್ನೊಂದು ಪರೀಕ್ಷೆ 2011ರಲ್ಲಿಯೇ ತೋರಿಸಿತ್ತು. ಎಕ್ಸ್‌ರೇಯಲ್ಲಿ ಟಿಬಿ ಅಲ್ಲ ಎಂದು ಯಂತ್ರ ಹೇಳಿದ, ಆದರೆ ನೆರಳು ಉಳಿದಿರುವ ವ್ಯಕ್ತಿಯನ್ನು ಮನೆಗೆ ಕಳಿಸದೆ ಸಿಟಿಗೆ ಕಳಿಸುವ ನಿಯಮವೊಂದನ್ನು ಈ ಮೂರು ಜಿಲ್ಲೆಗಳ ಟಿಬಿ ಘಟಕಗಳು ಅಳವಡಿಸಿಕೊಂಡರೆ, ಬೀಡಿ ಸೇದುವ, ಕ್ವಾರಿಯಲ್ಲಿ ದುಡಿಯುವ, ಒಲೆಯ ಹೊಗೆ ಕುಡಿದವರಿಗೆ ಬೇಗ ಪತ್ತೆಯ ಬಾಗಿಲು ಹೊಸ ಯಂತ್ರ ಬರುವ ಮೊದಲೇ ತೆರೆಯುತ್ತದೆ. ಅವರ ಮೊದಲ ಸ್ಕ್ಯಾನಿನ ಮೂಲ ಕಡತವನ್ನು ಆ ದಿನವೇ ಉಳಿಸಿಟ್ಟರೆ, ಮೂರು ತಿಂಗಳ ನಂತರದ ಎರಡನೆಯ ಸ್ಕ್ಯಾನಿಗೆ ಹೋಲಿಸಲು ಒಂದು ಚಿತ್ರ ಸಿದ್ಧವಿರುತ್ತದೆ.